ರೋಗಿ, ಮನೆಯವರು ಒಂದೇ ಕೋಣೆಯಲ್ಲಿ

ನಿಮ್ಮ ಮಗನಿಗೆ ಇಚ್ಚಿತ್ತ ವಿಕಲತೆ, ಅಂದರೆ ಸ್ಕಿಜೋಫ್ರೇನಿಯ ಇದೆ ಎಂದುಕೊಳ್ಳಿ. ಮಾತ್ರೆಗಳಿಂದ ಕಾಯಿಲೆ ಹತೋಟಿಗೆ ಬಂದಿದೆ. ಆಸ್ಪತ್ರೆಯಲ್ಲಿ ಅವನು ಇತರ ರೋಗಿಗಳೊಡನೆ ಗುಂಪು ಚಿಕಿತ್ಸೆಗೆ ಕೂರುತ್ತಾನೆ. ನೀವು ಪಕ್ಕದ ಕೋಣೆಯಲ್ಲಿ ಇತರ ತಂದೆತಾಯಿಯರ ಜತೆ. ಮನೆಗೆ ಮರಳುವಾಗ ಬಸ್ಸಿನಲ್ಲೇ ಅವನ ಪ್ರಶ್ನೆ: "ನನ್ನ ಬಗ್ಗೆ ಏನೇನು ಹೇಳಿದಿರಿ?"

ಸಂಶಯವೇ ಲಕ್ಷಣವಾಗಿರುವ ಕಾಯಿಲೆಯಲ್ಲಿ ಈ ಮುಚ್ಚಿದ ಬಾಗಿಲು ಸಣ್ಣ ತೊಂದರೆಯಲ್ಲ. 1950ರ ದಶಕದಲ್ಲಿ ನ್ಯೂಯಾರ್ಕಿನ ಕ್ರೀಡ್‌ಮೂರ್ ಆಸ್ಪತ್ರೆಯಲ್ಲಿ ಡಾ. ಪೀಟರ್ ಲಾಕರ್ ಅವರು ಹಲವು ರೋಗಿಗಳನ್ನೂ ಅವರ ಮನೆಯವರನ್ನೂ ಒಂದೇ ಗುಂಪಾಗಿ ಕೂರಿಸತೊಡಗಿದರು. ಅದೇ ದಶಕದಲ್ಲಿ ನಮ್ಮ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ, ಬಂಧುಗಳು ರೋಗಿಯ ಜತೆಯಲ್ಲೇ ಉಳಿಯುವಂತೆ ಮಾಡಿದ್ದರು.

ಇದರಿಂದ ಲಾಭವೇನು? ನೀವು ನೂರು ಸಲ ಹೇಳಿದ "ಮಾತ್ರೆ ಬಿಡಬೇಡ" ಎಂಬ ಮಾತು ಮಗನಿಗೆ ಬರೀ ಕಿರಿಕಿರಿ. ಅದನ್ನೇ, ಮಾತ್ರೆ ಬಿಟ್ಟು ಮತ್ತೆ ಆಸ್ಪತ್ರೆ ಸೇರಿದ್ದ ಇನ್ನೊಬ್ಬ ಯುವಕ ಹೇಳಿದರೆ ಕೇಳುತ್ತಾನೆ. ನಿಮಗೂ ಹಾಗೆಯೇ. ಬೆಳಿಗ್ಗೆ ಏಳದ ಮಗನನ್ನು ಸೋಮಾರಿ ಎಂದು ಬೈಯುತ್ತಿದ್ದೀರಿ. "ಏಳಬೇಕೆಂದರೂ ಮೈಯಲ್ಲಿ ತ್ರಾಣವೇ ಇರುವುದಿಲ್ಲ" ಎಂದು ಯಾರದೋ ಮಗಳು ಹೇಳಿದಾಗ ನಿಮ್ಮ ದನಿ ತಾನಾಗಿ ತಗ್ಗುತ್ತದೆ. ಇದು ಬರೀ ಸಮಾಧಾನದ ಮಾತಲ್ಲ. ಸದಾ ಟೀಕೆ ಕೇಳುವ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು. ಔಷಧದ ಜತೆಗೆ ಇಂಥ ಕೂಟಗಳು ನಡೆದರೆ ಅದು ಕಡಿಮೆಯಾಗುತ್ತದೆಂದು ಅಧ್ಯಯನಗಳು ತೋರಿಸಿವೆ.

ಹಾಗೆಂದು ಎರಡು ಕೋಣೆಗಳ ನಡುವಿನ ಬಾಗಿಲು ತೆಗೆದುಬಿಟ್ಟರೆ ಆಗಲಿಲ್ಲ. ಚಿಕಿತ್ಸಕರು ಮೊದಲು ಪ್ರತಿ ಕುಟುಂಬವನ್ನೂ ಬೇರೆಯಾಗಿ ಭೇಟಿಯಾಗಬೇಕು. ಸಾಮಾನ್ಯವಾಗಿ ಐದರಿಂದ ಎಂಟು ಕುಟುಂಬಗಳು, ಹದಿನೈದು ದಿನಕ್ಕೊಮ್ಮೆ, ಒಂದೂವರೆ ಗಂಟೆ. ಹೀಗೆ ವರ್ಷವಾದರೂ ನಡೆಯಬೇಕು. ಕೇಳಿದ್ದನ್ನು ಹೊರಗೆ ಆಡಬಾರದು. ಚಿಕ್ಕ ಊರಿನಲ್ಲಿ ಇದೇ ಕಷ್ಟ, ಮದುವೆಯ ಮಾತುಕತೆ ಇರುವ ಮನೆಯಲ್ಲಂತೂ ಕೇಳುವುದೇ ಬೇಡ!

ಭ್ರಮೆ, ಉದ್ರೇಕ ಜೋರಾಗಿರುವ ರೋಗಿಯನ್ನು ಕೂರಿಸುವುದು ತರವಲ್ಲ. ಮನೆಯಲ್ಲಿ ಹೊಡೆತ ತಿನ್ನುವವರನ್ನು ಹೊಡೆಯುವವರ ಎದುರು ಮಾತನಾಡಿಸಲೂಬಾರದು. ಅಂಥವರಿಗೆ ಪ್ರತ್ಯೇಕ ಕೋಣೆಯೇ ಸರಿ. ನಿಮ್ಮ ಸ್ಥಿತಿ ಅದಾಗಿದ್ದರೆ ವೈದ್ಯರಿಗೆ ಮೊದಲೇ, ಗುಟ್ಟಾಗಿ ತಿಳಿಸಿ.

ನಿಮ್ಮೂರಿನಲ್ಲಿ ಇಂಥ ಗುಂಪು ಇಲ್ಲವೆ? ಮುಂದಿನ ಸಲ ಮನೋವೈದ್ಯರ ಬಳಿ ಹೋದಾಗ, ಮಗನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನೀವೊಬ್ಬರೇ ಒಳಗೆ ಹೋಗುವ ಬದಲು, ಅವನನ್ನೇ ಕೇಳಿ: ಇಬ್ಬರೂ ಒಟ್ಟಿಗೆ ಹೋಗೋಣವೆ?