ಭತ್ತದ ಗರಿಯೊಳಗಿನ ಕಾವಲು

ದುಂಡಾಣು ಅಂಗಮಾರಿ ತಗುಲಿದ ಭತ್ತದ ಗದ್ದೆಗೆ ಬೆಳಗಿನ ಹೊತ್ತು ಇಳಿದು ನೋಡಿ. ಗರಿಯ ತುದಿಯಿಂದ ಅಂಚಿನುದ್ದಕ್ಕೂ ಹಳದಿ ಪಟ್ಟೆ ಅಂಕುಡೊಂಕಾಗಿ ಇಳಿದಿರುತ್ತದೆ. ಅನುಮಾನವಿದ್ದರೆ ಅಂಥ ಗರಿಯನ್ನು ಕತ್ತರಿಸಿ, ಕತ್ತರಿಸಿದ ತುದಿಯನ್ನು ಗಾಜಿನ ಲೋಟದ ತಿಳಿನೀರಿಗೆ ಅದ್ದಿ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆಯೊಂದು ನೀರಿಗೆ ಇಳಿಯುತ್ತದೆ. ಆ ಎಳೆಯ ತುಂಬ ಇರುವುದು ಕ್ಸಾಂತೋಮೊನಾಸ್ ಒರೈಜೆ ಎಂಬ ಬ್ಯಾಕ್ಟೀರಿಯಾ.

ಗರಿಯಂಚಿನಲ್ಲಿ ನೀರು ಒಸರುವ ಸೂಕ್ಷ್ಮ ರಂಧ್ರಗಳಿವೆ. ಮಳೆಗಾಳಿಗೆ ಆದ ಗಾಯಗಳೂ ಇರುತ್ತವೆ. ಇಲ್ಲಿಂದ ಒಳಹೊಕ್ಕ ಬ್ಯಾಕ್ಟೀರಿಯಾ ನೀರು ಸಾಗುವ ನಾಳಗಳಲ್ಲಿ ಬೀಡುಬಿಡುತ್ತದೆ. ಅಲ್ಲಿ ನೀರಿಗೆ ಬರವಿಲ್ಲ, ಆಹಾರ ಮಾತ್ರ ಕಡಿಮೆ. ಆಗ ಅದು ಪಕ್ಕದ ಜೀವಕೋಶಗಳಿಗೆ ತನ್ನ ಪ್ರೋಟೀನುಗಳನ್ನು ಚುಚ್ಚಿ ಕಳಿಸುತ್ತದೆ. ಅವು ನೇರ ಕೋಶಕೇಂದ್ರ ಸೇರಿ, ಭತ್ತದ ಡಿಎನ್‌ಎಯ ಗೊತ್ತಾದ ಜಾಗಕ್ಕೆ ಅಂಟಿಕೊಂಡು, 'ಸ್ವೀಟ್' ಎಂಬ ಜೀನುಗಳನ್ನು ಎಬ್ಬಿಸುತ್ತವೆ. ಕೋಶದ ಸಕ್ಕರೆ ಹೊರಗೆ ಸೋರತೊಡಗುತ್ತದೆ. ಗಿಡ ತನ್ನ ಕೈಯಾರೆ ಶತ್ರುವಿಗೆ ಉಣಬಡಿಸಿದಂತಾಯಿತು.

ಕೆಲವು ತಳಿಗಳಲ್ಲಿ ಡಿಎನ್‌ಎಯ ಆ ಜಾಗವೇ ಬದಲಾಗಿದೆ. ಚುಚ್ಚಿದ ಪ್ರೋಟೀನಿಗೆ ಅಂಟಲು ನೆಲೆ ಸಿಗುವುದಿಲ್ಲ, ಸಕ್ಕರೆಯೂ ಸೋರುವುದಿಲ್ಲ. ಎಕ್ಸ್‌ಎ13 ಎನ್ನುವ ನಿರೋಧಕ ಗುಣದ ಒಳಗುಟ್ಟು ಇಷ್ಟೇ.

ಎಕ್ಸ್‌ಎ21 ಎಂಬ ಇನ್ನೊಂದು ನಿರೋಧಕ ಜೀನಿನ ದಾರಿ ಬೇರೆ. ಅದು ಬಂದದ್ದು ಆಫ್ರಿಕಾದ ಮಾಲಿ ದೇಶದ ಕಾಡುಭತ್ತದಿಂದ. 1995ರಲ್ಲಿ ಅಮೆರಿಕದ ಪಮೇಲಾ ರೊನಾಲ್ಡ್ ಅವರ ತಂಡ ಆ ಜೀನನ್ನು ಪ್ರತ್ಯೇಕಿಸಿತು. ಅದು ತಯಾರಿಸುವ ಪ್ರೋಟೀನು ಜೀವಕೋಶದ ಪೊರೆಯಲ್ಲಿ ನಾಟಿ ನಿಂತಿರುತ್ತದೆ: ಹೊರಭಾಗ ಶತ್ರುವಿನ ಗುರುತು ಹಿಡಿಯುತ್ತದೆ, ಒಳಭಾಗ ರಕ್ಷಣಾ ಜೀನುಗಳಿಗೆ ಸುದ್ದಿ ಮುಟ್ಟಿಸುತ್ತದೆ. ಯಾವುದು ಆ ಗುರುತು? ತಂಡ ಮೊದಲು ಕೊಟ್ಟ ಉತ್ತರ ತಪ್ಪೆಂದು ಅವರ ಪ್ರಯೋಗಾಲಯದಲ್ಲೇ ಗೊತ್ತಾಯಿತು. 2013ರಲ್ಲಿ ಅವರು ತಮ್ಮ ಪ್ರಬಂಧಗಳನ್ನು ಹಿಂತೆಗೆದುಕೊಂಡು, ಮತ್ತೆ ಹುಡುಕಿ, 2015ರಲ್ಲಿ 'ರ‍್ಯಾಕ್ಸ್-ಎಕ್ಸ್' ಎಂಬ ಸರಿಯಾದ ಅಣುವನ್ನು ಕಂಡುಹಿಡಿದರು. ಆ ಅನ್ವೇಷಣೆಯಷ್ಟೇ ಈ ಪ್ರಾಮಾಣಿಕತೆಯೂ ನನಗೆ ದೊಡ್ಡದಾಗಿ ಕಾಣುತ್ತದೆ. ಸ್ವಾರಸ್ಯವೆಂದರೆ, ಈ ಅಣು ಸಸ್ಯದ್ದೇ ಒಂದು ಬೆಳವಣಿಗೆಯ ಹಾರ್ಮೋನನ್ನು ಹೋಲುತ್ತದೆ. ವೇಷ ಹಾಕಿ ಬಂದವನನ್ನು ಎಕ್ಸ್‌ಎ21 ವೇಷದಿಂದಲೇ ಹಿಡಿಯುತ್ತದೆ.

ಆದರೆ ಎಕ್ಸ್‌ಎ21ರ ಬಲ ಎಳೆಯ ಪೈರಿನಲ್ಲಿ ಕಡಿಮೆ, ಬಲಿತ ಪೈರಿನಲ್ಲಿ ಹೆಚ್ಚು. ಬ್ಯಾಕ್ಟೀರಿಯಾದಲ್ಲೂ ಊರಿಗೊಂದು ಬಗೆಯಿದ್ದು, ಒಂದೇ ಜೀನನ್ನು ನಂಬಿದ ತಳಿ ಎಂದಾದರೂ ಸೋಲಬಹುದು. ಅದಕ್ಕಾಗಿಯೇ ಹೈದರಾಬಾದಿನ ಭತ್ತ ಸಂಶೋಧನಾ ನಿರ್ದೇಶನಾಲಯ ಮತ್ತು ಕೋಶೀಯ ಮತ್ತು ಅಣು ಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳು ಮತ್ತೊಂದು ನಿರೋಧಕ ಜೀನಾದ ಎಕ್ಸ್‌ಎ5, ಎಕ್ಸ್‌ಎ13, ಎಕ್ಸ್‌ಎ21 ಮೂರನ್ನೂ ಬಿಪಿಟಿ-5204, ಅಂದರೆ ಸಾಂಬಾ ಮಸೂರಿಗೆ ಸೇರಿಸಿದರು. ಇದು ಕುಲಾಂತರಿಯಲ್ಲ, ಸಂಕರ ಮಾಡುತ್ತ, ಪ್ರತಿ ಪೀಳಿಗೆಯಲ್ಲೂ ಡಿಎನ್‌ಎ ಪರೀಕ್ಷಿಸಿ ಸಸಿಗಳನ್ನು ಆರಿಸುತ್ತ ಬಂದದ್ದು. 2008ರಲ್ಲಿ 'ಇಂಪ್ರೂವ್ಡ್ ಸಾಂಬಾ ಮಸೂರಿ' ಬಿಡುಗಡೆಯಾಯಿತು. ಅನ್ನದ ರುಚಿ, ಸಣ್ಣಕ್ಕಿಯ ಗುಣ ಹಾಗೆಯೇ ಉಳಿದವು.

ತುಂಗಭದ್ರಾ ನಾಲೆಯ ಬಯಲಿನಲ್ಲಿ ಬಿಪಿಟಿ ಬೆಳೆಯುವವರಿಗೆ ಇದು ನೇರ ಸಂಬಂಧಿಸಿದ ಸಂಗತಿ. ರೋಗ ಹೊಕ್ಕಮೇಲೆ ಸಿಂಪಡಣೆಯಿಂದ ಸಿಗುವ ಫಲ ಅಲ್ಪ. ಬೀಜ ಕೊಳ್ಳುವಾಗ ಅಂಗಮಾರಿ ನಿರೋಧಕ ತಳಿಯನ್ನೇ ಕೇಳಿ. ಯೂರಿಯಾವನ್ನು ಒಮ್ಮೆಲೇ ಸುರಿಯದೆ ಕಂತುಗಳಲ್ಲಿ ಕೊಡಿ. ಸಾರಜನಕ ಹೆಚ್ಚಾದಷ್ಟೂ ಈ ರೋಗ ಹೆಚ್ಚು.