ಆಂಡ್ರೆ ಒಪ್ಪದೆ ಹೋಗನ್‌ಗೆ ಎತ್ತಲಾಗುತ್ತಿರಲಿಲ್ಲ

ಹದಿನೈದು ವರ್ಷ ಸೋಲೇ ಕಾಣದ, ಯಾರಿಂದಲೂ ಎತ್ತಲಾಗದ ದೈತ್ಯ ಕುಸ್ತಿಪಟು ಆಂಡ್ರೆ ದಿ ಜೈಂಟ್‌ನನ್ನು ಎದುರಾಳಿ ಹಲ್ಕ್ ಹೋಗನ್ ಬರೀ ತೋಳ್ಬಲದಿಂದ ಎತ್ತಿ ಕುಕ್ಕಿದನಂತೆ! 1987ರ ಮಾರ್ಚ್ 29ರಂದು ಅಮೆರಿಕದ ಪಾಂಟಿಯಾಕ್‌ನಲ್ಲಿ ನಡೆದ ಮೂರನೇ ರೆಸಲ್‌ಮೇನಿಯಾ ಎಂಬ ಕುಸ್ತಿ ಪ್ರದರ್ಶನದ ಟಿಕೆಟ್ ಮಾರಲು ಕಟ್ಟಿದ ಕತೆಯಿದು. ಇಂದಿಗೂ ಅದನ್ನೇ ಚರಿತ್ರೆಯೆಂದು ಒಪ್ಪಿಸುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ.

1984ರಲ್ಲಿ ಮೆಕ್ಸಿಕೊದ ಕನೆಕ್ ಆಂಡ್ರೆಯನ್ನು ಎತ್ತಿ ಕೆಡವಿ ಗೆದ್ದಿದ್ದ. 1986ರಲ್ಲಿ ಜಪಾನಿನಲ್ಲಿ ಆಂಟೋನಿಯೊ ಇನೋಕಿ ಕೈತಿರುವಿ ಸೋಲೊಪ್ಪಿಸಿದ್ದ. ಅಷ್ಟೇಕೆ, 1980ರಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ ಇದೇ ಹೋಗನ್ ಇದೇ ಆಂಡ್ರೆಯನ್ನು ಎತ್ತಿ ಹಾಕಿದ್ದ. ಆಗ ಖಳನ ಪಾತ್ರ ಹೋಗನ್‌ದು, ಜನ ಮೆಚ್ಚಿದವನು ಆಂಡ್ರೆ!

ಇನ್ನು ತೋಳ್ಬಲದ ಮಾತು. ಹೀಗೆ ಎತ್ತಿ ಕುಕ್ಕುವ ಬಾಡಿಸ್ಲ್ಯಾಮ್‌ನಲ್ಲಿ ಎತ್ತಿಸಿಕೊಳ್ಳುವವನೇ ಸರಿಯಾದ ಗಳಿಗೆಗೆ ಜಿಗಿದು, ಎದುರಾಳಿಯ ಮೈಮೇಲೆ ಕೈಯೂರಿ ತನ್ನ ಭಾರವನ್ನು ಹಂಚಿಕೊಳ್ಳುತ್ತಾನೆ. ಅವನು ಬಿಗಿದು ನಿಂತರೆ 200 ಕಿಲೋ ಮೀರಿದ ದೇಹ ಅಲುಗುವುದಿಲ್ಲ. 1987ರ ಆ ಪಂದ್ಯದ ಹೊತ್ತಿಗಾಗಲೇ ಆಂಡ್ರೆಯ ಬೆನ್ನಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಕಪ್ಪು ಉಡುಪಿನೊಳಗೆ ಬೆನ್ನುಪಟ್ಟಿ ಬಿಗಿದುಕೊಂಡೇ ರಿಂಗ್‌ಗೆ ಇಳಿದಿದ್ದ. ಆ ಬೆನ್ನಿನ ಮೇಲೆ ಬೀಳಲು ಅವನು ಒಪ್ಪಿದ. ದೈತ್ಯ ಖಳನ ಕಸುಬೇ ಅದು: ಇವನನ್ನು ಯಾರೂ ಅಲ್ಲಾಡಿಸಲಾರರೆಂದು ಮೊದಲು ನಂಬಿಸಬೇಕು, ಆಮೇಲೆ ಆ ನಂಬಿಕೆಯನ್ನೆಲ್ಲ ಎದುರಾಳಿಯ ಕೈಗೆ ಒಪ್ಪಿಸಬೇಕು. ಹೋಗನ್ ಅಷ್ಟೆತ್ತರಕ್ಕೆ ಏರಿದ್ದು ಈ ಔದಾರ್ಯದಿಂದ.

ಉಳಿದ ದೈತ್ಯ ಕುಸ್ತಿಪಟುಗಳ ಕತೆಗಳಿಗೆ ಒಂದೊಂದು ಸಾಲು ಸಾಕು. ಯೊಕೊಜುನಾ ಜಪಾನಿನವನಲ್ಲ, ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಸಮೋವಾ ಮೂಲದವನು. 1995ರಲ್ಲಿ ಆಂಡ್ರೆಯ ಮಗನೆಂದು ಬಂದು ಮುಂದೆ ಬಿಗ್ ಶೋ ಆದವನಿಗೂ ಆಂಡ್ರೆಗೂ ರಕ್ತಸಂಬಂಧವಿಲ್ಲ. ಕುಸ್ತಿಪಟುಗಳ ಟ್ರಂಪ್ ಕಾರ್ಡ್ ಆಡಿ ಬೆಳೆದ ನಮ್ಮ ಹುಡುಗರು ಏಳು ಸಲ ಸತ್ತು ಬದುಕಿದನೆಂದು ನಂಬಿದ್ದ ಅಂಡರ್‌ಟೇಕರ್, ಟೆಕ್ಸಸ್‌ನ ಮಾರ್ಕ್ ಕ್ಯಾಲವೇ. ಆ ಸಾವುಗಳೆಲ್ಲ ಬರೆದಿಟ್ಟ ಕತೆ.

ದೈತ್ಯರೆಂದರೆ ಸಾಕು, ಯಾರು ಏನು ಹೇಳಿದರೂ ತಲೆಯಾಡಿಸುತ್ತೇವೆ. ಆದರೆ ಆಂಡ್ರೆ ಅಷ್ಟು ದೈತ್ಯನಾಗಿ ಬೆಳೆದದ್ದು ಅಕ್ರೊಮೆಗಾಲಿಯಿಂದ. ಬೆಳವಣಿಗೆಯ ಹಾರ್ಮೋನು ಮಿತಿಮೀರಿ ಸುರಿಯುವ ಈ ಕಾಯಿಲೆ ಕೀಲುಗಳನ್ನೂ ಹೃದಯವನ್ನೂ ಹಾಳುಗೆಡವುತ್ತದೆ. 1993ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡಾಗ ಅವನಿಗೆ ಬರೀ 46 ವರ್ಷ. ಹಿಮಾಚಲದ ದಲೀಪ್ ಸಿಂಗ್ ರಾಣಾ, ಅಂದರೆ ದಿ ಗ್ರೇಟ್ ಖಲಿ, 2012ರಲ್ಲಿ ಈ ಹಾರ್ಮೋನು ಸುರಿಸುವ ಪಿಟ್ಯುಟರಿ ಗ್ರಂಥಿಯ ಗೆಡ್ಡೆ ತೆಗೆಸಿಕೊಂಡ. ಆದರೂ ದಿನಕ್ಕೆ ಎಷ್ಟು ಕೋಳಿ, ಎಷ್ಟು ಮೊಟ್ಟೆ ತಿಂದು ಖಲಿ ಹೀಗಾದ ಎಂಬ ಮಾತನ್ನೇ ಮಕ್ಕಳ ಮುಂದೆ ಬೆರಗಿನಿಂದ ಹೇಳುತ್ತೇವೆ. ವಯಸ್ಸಿಗೆ ಮೀರಿ ದಿಢೀರನೆ ಬೆಳೆಯುವ ಮಗುವನ್ನು ಕರೆದೊಯ್ಯಬೇಕಾದದ್ದು ಹಾರ್ಮೋನು ತಜ್ಞರ ಬಳಿಗೆ, ಜಿಮ್ಮಿಗಲ್ಲ.