‘ಕೋಚ್’ ಪದವಿಯ ಅರ್ಹತಾವಿಚಾರ

ಕಲಬುರಗಿ ಸೀಮೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಗುರುಪರಂಪರೆಗೆ ಹೆಸರಾದುವು. ಆಳಂದದಲ್ಲಿ ಲಾಡ್ಲೆ ಮಶಾಯಿಖರ ದರ್ಗಾ ಇದೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರವು ನರಸಿಂಹಸರಸ್ವತಿಗಳ ಕ್ಷೇತ್ರ. ಜೇವರ್ಗಿಯ ಷಣ್ಮುಖಸ್ವಾಮಿಗಳು ಗುರುವಾದ ಅಖಂಡೇಶ್ವರರ ಹೆಸರನ್ನೇ ತಮ್ಮ ವಚನಗಳಿಗೆ ಅಂಕಿತವನ್ನಾಗಿಸಿದರು. ಮೂರೆಡೆಯಲ್ಲಿಯೂ ಬಲ್ಲವನು ಹೇಳುವುದು, ಅರಿಯಬೇಕಾದವನು ಕೇಳುವುದು ಎಂಬುದೇ ಕ್ರಮ. ಈ ಕ್ರಮದಲ್ಲಿ ಬೆಳೆದ ಉಪಾಧ್ಯಾಯನು ಇಂದು ‘ಕೋಚ್’ ವೃತ್ತಿಯ ಪ್ರಮಾಣಪತ್ರವನ್ನು ಬಯಸಿದರೆ ಅವನು ಯಾವುದನ್ನು ಕಲಿಯಬೇಕು, ಯಾವುದನ್ನು ಬಿಡಬೇಕು ಎಂಬುದು ವಿಚಾರಣೀಯವಾಗಿದೆ.

ಮೊದಲು ಶಬ್ದಾರ್ಥ. ಹಂಗೇರಿ ದೇಶದ ಕೋಚ್ ಎಂಬ ಗ್ರಾಮದ ಬಂಡಿಗೆ ಆ ಊರ ಹೆಸರೇ ಬಂದಿತು. 19ನೆಯ ಶತಮಾನದಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು ಪರೀಕ್ಷೆಯನ್ನು ದಾಟಿಸುವ ಖಾಸಗಿ ಅಧ್ಯಾಪಕನನ್ನು ಅದೇ ಹೆಸರಿನಿಂದ ಕರೆದರು. ಬಂಡಿಯು ಏರಿದವನನ್ನು ಅವನ ಊರಿಗೆ ಮುಟ್ಟಿಸುವುದೇ ಹೊರತು ಊರನ್ನು ತಾನು ಗೊತ್ತುಮಾಡದು. ಕೋಚನ ಲಕ್ಷಣವೆಲ್ಲವೂ ಇದರಲ್ಲಿ ಅಡಗಿದೆ.

1995ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಕೋಚಿಂಗ್ ಒಕ್ಕೂಟವು ಎಂಟು ಸಾಮರ್ಥ್ಯಗಳನ್ನು ವಿಧಿಸಿರುವುದು: ನೀತಿಪಾಲನೆ, ತೆರೆದ ಮನೋಭಾವ, ಸ್ಪಷ್ಟವಾದ ಒಡಂಬಡಿಕೆ, ವಿಶ್ವಾಸಸಂಪಾದನೆ, ಅವಧಾನ, ಶ್ರವಣ, ಅರಿವನ್ನು ಎಚ್ಚರಿಸುವಿಕೆ, ಬೆಳವಣಿಗೆಗೆ ನೆರವು. ಪ್ರಮಾಣಪತ್ರಗಳು ಮೂರು ಮೆಟ್ಟಿಲಿನವು. ಮೊದಲನೆಯದಕ್ಕೆ 60 ಗಂಟೆಗಳ ಶಿಕ್ಷಣವೂ 100 ಗಂಟೆಗಳ ಪ್ರಯೋಗವೂ ಬೇಕು. ಎರಡನೆಯದಕ್ಕೆ ಕ್ರಮವಾಗಿ 125 ಮತ್ತು 500. ಮೂರನೆಯದಕ್ಕೆ 200 ಮತ್ತು 2500. ಇದರ ಮೇಲೆ ಲಿಖಿತ ಪರೀಕ್ಷೆಯೂ ಉಂಟು. ಮೆಟ್ಟಿಲೇರಿದಂತೆ ಪಾಠಕ್ಕಿಂತ ಪ್ರಯೋಗವೇ ಬಹುಪಾಲು ಹೆಚ್ಚುವುದರಿಂದ, ಇದು ಓದಿ ಬರುವ ವಿದ್ಯೆಯಲ್ಲ, ಅಭ್ಯಾಸದಿಂದ ಸಿದ್ಧಿಸುವುದೆಂಬುದು ಸ್ಪಷ್ಟ.

ಉದಾಹರಣೆಗೆ, ಪದವೀಧರನಾದ ಅಫಜಲಪುರದ ಯುವಕನೊಬ್ಬನು ಬೆಂಗಳೂರಿಗೆ ಹೋಗಲೋ, ಮನೆಯ ತೊಗರಿಹೊಲವನ್ನೇ ನೋಡಿಕೊಳ್ಳಲೋ ಎಂದು ಕೇಳಿದನೆನ್ನೋಣ. ಹಿರಿಯನಾದವನು ಒಡನೆಯೇ ಒಂದು ದಾರಿಯನ್ನು ತೋರಿಸಿಬಿಡುವನು. ಕೋಚನಾದರೋ, “ಊರು ಬಿಟ್ಟರೆ ನೀವು ಕಳೆದುಕೊಳ್ಳುವುದೇನು? ಇಲ್ಲಿಯೇ ಇದ್ದರೆ ನಿಮಗೆ ದೊರೆಯದಿರುವುದೇನು?” ಎಂದು ಕೇಳಿ ಸುಮ್ಮನಾಗುವನು. ತನಗೆ ತೋರಿದ ಉತ್ತರವನ್ನು ನಾಲಗೆಯ ಮೇಲೆ ತಡೆದಿಡುವ ಈ ಸಂಯಮವೇ ಎಂಟರಲ್ಲಿಯೂ ಒಳಸೂತ್ರ. ಉಪಾಧ್ಯಾಯನಿಗೆ ಅತ್ಯಂತ ಕಠಿನವಾದುದೂ ಇದೇ.

ಪ್ರಶ್ನೋಪನಿಷತ್ತಿನಲ್ಲಿ ಆರು ಮಂದಿ ಜಿಜ್ಞಾಸುಗಳು ಪ್ರಶ್ನಿಸುವರು, ಪಿಪ್ಪಲಾದನು ಉತ್ತರಿಸುವನು. ಇಲ್ಲಿ ಪ್ರಶ್ನೆ ಕೋಚನದು, ಉತ್ತರ ಬಂದವನದು. ಆದರೂ ಇದರಿಂದ ಗುರುಸ್ಥಾನವು ತೆರವಾಗದು. ಪಾಣಿನಿಯ ಸೂತ್ರವನ್ನು ಓದದವನನ್ನು ಎಷ್ಟು ಪ್ರಶ್ನಿಸಿದರೂ ಸೂತ್ರವು ಅವನಿಂದ ಹೊರಡದು. ಅಲ್ಲಿ ಉಪದೇಶವೇ ಬೇಕು. ತನ್ನ ಬಾಳಿನ ನಿರ್ಣಯವನ್ನಾದರೋ ಅವನೇ ಮಾಡಬೇಕು. ಅಲ್ಲಿ ಉಪದೇಶವು ಭಾರವಾದೀತು. ಚಿತ್ತರೋಗವಿದ್ದರೆ ವೈದ್ಯನೇ ಗತಿ. ಈ ಮೂರು ಎಡೆಗಳನ್ನು ಬೇರ್ಪಡಿಸಿ ಅರಿಯದವನಿಗೆ ಪತ್ರವು ದೊರೆತರೂ ಅರ್ಹತೆಯು ದೊರೆಯದು.